ನಂದಿದುರ್ಗ: ಸೂರ್ಯೋದಯ ನೋಡಿ ಮುಗಿದ ಮೇಲೆ

ಮಂಜು ಕರಗಿ, ಬೆಂಗಳೂರಿನ ಬೈಕುಗಳೆಲ್ಲ ಇಳಿದುಹೋದ ಮೇಲೆ ನಂದಿಬೆಟ್ಟ ಹತ್ತುವುದು ಒಳ್ಳೆಯದು. ಸೂರ್ಯೋದಯಕ್ಕೆ ಬಂದವರು ಆಕಾಶ ನೋಡುತ್ತಾರೆ, ಕೋಟೆ ನೋಡುವುದಿಲ್ಲ. ನಾನೂ ಅಣ್ಣನ ಮಗನೂ ಚಿಕ್ಕಬಳ್ಳಾಪುರದಿಂದ ಹೊರಟಿದ್ದೇ ಕೋಟೆಗಾಗಿ. ದ್ರಾಕ್ಷಿ ತೋಟಗಳನ್ನು ದಾಟಿ, ತಿರುವುಗಳನ್ನು ಏರಿ, 1,478 ಮೀಟರ್ ಎತ್ತರದ ಆ ಬಂಡೆಯ ಮೇಲೆ ನಿಂತಾಗ ಬಿಸಿಲು ಚುರುಗುಟ್ಟುತ್ತಿತ್ತು.

ಟಿಪ್ಪು ಡ್ರಾಪ್ ಎಂಬ ಪ್ರಪಾತದ ಹತ್ತಿರ ಬಗ್ಗಿ ನೋಡಿದ ಹುಡುಗ ಕೇಳಿದ: "ಇಷ್ಟು ಕಡಿದಾಗೈತಲ್ಲ ಚಿಕ್ಕಪ್ಪ, ಇದನ್ನ ಯಾರಾದ್ರೂ ಹೆಂಗೆ ಗೆದ್ದಾರು?"

ಅವನು ನೋಡುತ್ತಿದ್ದ ಕಡೆಯಿಂದ ಯಾರೂ ಗೆಲ್ಲಲಿಲ್ಲ. ಕೋಟೆಯ ಸುತ್ತಳತೆಯಲ್ಲಿ ಮುಕ್ಕಾಲು ಪಾಲು ಬರೀ ಬಂಡೆ, ಅಲ್ಲಿ ಕಾಲಿಡಲು ಜಾಗವಿಲ್ಲ. ಉಳಿದ ಕಾಲು ಪಾಲನ್ನು ಕಾಯಲು ಎರಡು ಸುತ್ತು ಗೋಡೆ. ಚಿಕ್ಕಬಳ್ಳಾಪುರದ ಪಾಳೆಯಗಾರರ ಕಾಲದ ಕೋಟೆಯನ್ನು ಹೈದರಾಲಿ, ಟಿಪ್ಪು ಇಬ್ಬರೂ ಬಲಪಡಿಸಿದ್ದರು. ಟಿಪ್ಪುವಿನ ಮೇಲಿನ ಮೂರನೆಯ ಮೈಸೂರು ಯುದ್ಧದಲ್ಲಿ, 1791ರ ಅಕ್ಟೋಬರಿನಲ್ಲಿ, ಇಂಗ್ಲಿಷರು ಮುರಿದದ್ದು ಈ ಗೋಡೆಗಳನ್ನು.

ಇದಕ್ಕೆ ಕಾರಣ ಇಲ್ಲಿಲ್ಲ, ಶ್ರೀರಂಗಪಟ್ಟಣದಲ್ಲಿದೆ. ಅದೇ ವರ್ಷ ಮಾರ್ಚಿಯಲ್ಲಿ ಬೆಂಗಳೂರನ್ನು ಹಿಡಿದ ಇಂಗ್ಲಿಷರ ಗವರ್ನರ್ ಜನರಲ್ ಕಾರ್ನ್‌ವಾಲಿಸ್ ಮೇ ತಿಂಗಳಲ್ಲಿ ಟಿಪ್ಪುವಿನ ಆ ರಾಜಧಾನಿಯ ಬಾಗಿಲಿಗೇ ಹೋಗಿದ್ದ. ಅರಕೆರೆಯ ಹತ್ತಿರ ಕಾಳಗವನ್ನೂ ಗೆದ್ದ. ಆದರೆ ಸೈನ್ಯಕ್ಕೆ ದವಸವಿಲ್ಲ, ಎತ್ತುಗಳು ಸಾಲುಸಾಲಾಗಿ ಸತ್ತವು, ಮಳೆ ಹಿಡಿಯಿತು. ದೊಡ್ಡ ಫಿರಂಗಿಗಳನ್ನು ಎಳೆಯುವ ಗತಿಯಿಲ್ಲದೆ ತಾನೇ ಒಡೆದುಹಾಕಿ ಬೆಂಗಳೂರಿಗೆ ಹಿಂತಿರುಗಿದ. ಮತ್ತೆ ಶ್ರೀರಂಗಪಟ್ಟಣಕ್ಕೆ ಹೋಗಬೇಕಾದರೆ ಮದರಾಸಿನಿಂದಲೂ ಜೊತೆಗಾರ ಹೈದರಾಬಾದ್ ನಿಜಾಮನ ಸೀಮೆಯಿಂದಲೂ ಬರುವ ಅಕ್ಕಿ, ಮದ್ದುಗುಂಡು, ಬಂಜಾರರ ಹೇರೆತ್ತುಗಳ ದಾರಿ ನಿರ್ಭಯವಾಗಿರಬೇಕು. ಆ ದಾರಿಯ ನೆತ್ತಿಯ ಮೇಲೆ ಕೂತಿತ್ತು ನಂದಿದುರ್ಗ. ಶ್ರೀರಂಗಪಟ್ಟಣದ ಕಥೆ ಹೇಳುವಾಗ ನಾವು ಕಾವೇರಿಯ ದಡದಿಂದ ಶುರುಮಾಡುತ್ತೇವೆ. ನನ್ನ ಮಟ್ಟಿಗೆ ಅದು ಈ ಬೆಟ್ಟದಿಂದ ಶುರುವಾಗಬೇಕು.

ಗೋಡೆಯ ಪಕ್ಕದಲ್ಲೇ ನಡೆದೆವು. ಬುಡದಲ್ಲಿ ಆನೆಗಾತ್ರದ ಕಲ್ಲುಗಳು, ಮೇಲೆ ಹೋದಂತೆ ಚಿಕ್ಕವು, ಅಲ್ಲಲ್ಲಿ ಗಾರೆಯ ಉಳಿಕೆ. ಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ಎದ್ದ ತೆನೆಗಳ ನಡುವೆ ಬಂದೂಕಿನ ಕಿಂಡಿಗಳಿವೆ. ಒಂದರೊಳಗೆ ಕೈ ಹಾಕಿ ನೋಡಿ: ಒಳಗಡೆ ಅಗಲ, ಹೊರಕ್ಕೆ ಹೋಗುತ್ತ ಕಿರಿದಾಗಿ ಕೆಳಕ್ಕೆ ವಾಲುತ್ತದೆ. ಕಣ್ಣಿಟ್ಟರೆ ಆಕಾಶ ಕಾಣುವುದಿಲ್ಲ, ಇಳಿಜಾರಿನ ಪೊದೆಗಳಷ್ಟೇ ಕಾಣುತ್ತವೆ. ಹತ್ತಿ ಬರುವವನ ಎದೆಗೆ ಗುರಿಯಿಟ್ಟು ಕಟ್ಟಿದ ಕಿಂಡಿ ಅದು. ಹುಡುಗ ಅದರ ಮುಂದೆ ಬಹಳ ಹೊತ್ತು ಮಂಡಿಯೂರಿ ಕೂತಿದ್ದ.

ಇಂಗ್ಲಿಷ್ ಅಧಿಕಾರಿ ಮೇಜರ್ ಗೌಡಿಯ ಪಡೆ ಮೊದಲು ಚಿಂತಾಮಣಿ ಕಡೆಯ ರಹಮಾನ್‌ಗಡ ಕೋಟೆಯನ್ನು ಹಿಡಿದು ಆಮೇಲೆ ಇಲ್ಲಿಗೆ ಬಂತು. ಮುತ್ತಿಗೆ ನಡೆದದ್ದು ಸುಮಾರು ಮೂರು ವಾರ. ಅದರಲ್ಲಿ ಬಹುಪಾಲು ಕಾಳಗವಲ್ಲ, ಕೂಲಿ. ಬಂಡೆಗಳ ಮಧ್ಯೆ ದಾರಿ ಕಡಿಯಬೇಕು, ಫಿರಂಗಿಗಳನ್ನು ಮೇಲಕ್ಕೆ ಎಳೆಯಬೇಕು. ಆನೆಗಳಿಲ್ಲದಿದ್ದರೆ ಆ ಕೆಲಸ ಆಗುತ್ತಲೇ ಇರಲಿಲ್ಲ. ಗೆದ್ದವರ ಪಟ್ಟಿಯಲ್ಲಿ ಸೇನಾಪತಿಗಳ ಹೆಸರಿದೆ. ಹಾರೆ ಹಿಡಿದವರ, ಹಗ್ಗ ಎಳೆದವರ, ಮಾವುತರ ಹೆಸರಿಲ್ಲ. ಕೋಟೆ ಬಿದ್ದದ್ದು ಅವರು ದಾರಿ ಮುಗಿಸಿದ ದಿನವೇ ಎಂದು ನಾನು ನಂಬುತ್ತೇನೆ.

ಫಿರಂಗಿಗಳು ಹೊರಗೋಡೆಯಲ್ಲಿ ಎರಡು ಕಡೆ ಬಿರುಕು ತೆರೆದವು. ಒಳಗೋಡೆ ಗಟ್ಟಿಯಾಗಿಯೇ ಇತ್ತು. ಅಕ್ಟೋಬರ್ 18 ಕಳೆದು 19 ಹುಟ್ಟುವ ರಾತ್ರಿ, ಚಂದ್ರ ಮೂಡುವ ಹೊತ್ತು ನೋಡಿಕೊಂಡು ಜನರಲ್ ಮೆಡೋಸ್ ಮುಂದಾಳತ್ವದಲ್ಲಿ ಲಗ್ಗೆ ಹಾಕಿದರು. ಕೃಷ್ಣಪಕ್ಷದ ಅಷ್ಟಮಿಯ ಸುಮಾರಾದ್ದರಿಂದ ಚಂದ್ರ ಬರುವುದೇ ನಡುರಾತ್ರಿಗೆ. ದೀಪಾವಳಿಗೆ ಇನ್ನೊಂದು ವಾರ. ಬುಡದ ನಂದಿ ಗ್ರಾಮದಲ್ಲಿ ಆ ವರ್ಷ ಯಾರು ಹಣತೆ ಹಚ್ಚಿದರೋ!

ಒಳಗಿದ್ದವರು ಸುಮ್ಮನೆ ಬಿಟ್ಟುಕೊಡಲಿಲ್ಲ. ಗುಂಡು ಹಾರಿಸಿದರು, ದೊಡ್ಡ ದೊಡ್ಡ ಕಲ್ಲುಗಳನ್ನು ಇಳಿಜಾರಿಗೆ ಉರುಳಿಸಿದರು. ದಾಳಿಯವರಿಗೆ ಗುಂಡಿಗಿಂತ ಈ ಕಲ್ಲುಗಳಿಂದಲೇ ಹೆಚ್ಚು ಪೆಟ್ಟಾಯಿತು. ಆದರೆ ಹೊರಗೋಡೆಯಿಂದ ಹಿಂದೆಗೆದವರ ಬೆನ್ನು ಹತ್ತಿ ಬಂದವರು ಒಳಬಾಗಿಲನ್ನು ಭದ್ರಪಡಿಸಲು ಪುರುಸೊತ್ತೇ ಕೊಡಲಿಲ್ಲ. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಧ್ಯಾಹ್ನ ಅಮೃತಸರೋವರದ ಮೆಟ್ಟಿಲಲ್ಲಿ ಕೂತೆವು. ನಾಲ್ಕೂ ಕಡೆ ಮೆಟ್ಟಿಲಿಳಿಯುವ ಈ ಕೊಳ ಮುತ್ತಿಗೆಯ ಕಾಲದಲ್ಲಿ ಎಷ್ಟು ಬೆಲೆಬಾಳುತ್ತಿತ್ತೆಂದು ಹೇಳಬೇಕಿಲ್ಲ. ಸೌತೆಕಾಯಿಗೆ ಉಪ್ಪುಖಾರ ಹಚ್ಚಿಕೊಟ್ಟ ಅಜ್ಜಿಯನ್ನು ಗೋಡೆ ಒಡೆದ ಜಾಗ ಕೇಳಿದೆ.

"ಯುದ್ಧ ಆಗಿದ್ದಾ? ಅದನ್ಯಾರೂ ಕೇಳಾಕಿಲ್ಲ ಕಣಪ್ಪ. ಎಲ್ರೂ ಮೋಡ ಎಲ್ಲಿ ಬತ್ತದೆ ಅಂತ ಕೇಳ್ತಾರೆ," ಅಂದರು.

ನನಗೆ ಬೇಜಾರಾದದ್ದು ನಿಜ. ಗಾಂಧೀಜಿ ತಂಗಿದ್ದ ಮನೆಯನ್ನು ತೋರಿಸುವವರು ಸಿಗುತ್ತಾರೆ, ಸಿಗಲೇಬೇಕು. ಹಾಗೆಯೇ ಗೋಡೆಯ ಎರಡೂ ಬದಿಗೆ ಸತ್ತ ಸಿಪಾಯಿಗಳ ಬಗ್ಗೆಯೂ ಹೇಳುವವರು ಬೇಕು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಪಡೆಯಲ್ಲೂ ನಮ್ಮ ದಕ್ಷಿಣದ ಹುಡುಗರೇ ಇದ್ದರು.

ನಂದಿದುರ್ಗದ ನಂತರ ಡಿಸೆಂಬರಿನಲ್ಲಿ ಸಾವನದುರ್ಗ ಬಿತ್ತು. ಫೆಬ್ರವರಿಯಲ್ಲಿ ಕಾರ್ನ್‌ವಾಲಿಸ್ ಮತ್ತೆ ಶ್ರೀರಂಗಪಟ್ಟಣದ ಮುಂದೆ ನಿಂತಾಗ ಅವನ ಬೆನ್ನ ಹಿಂದೆ ದವಸದ ದಾರಿ ತೆರೆದಿತ್ತು. 1792ರ ಮಾರ್ಚಿಯ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ ಬಿಟ್ಟುಕೊಟ್ಟ, ಇಬ್ಬರು ಮಕ್ಕಳನ್ನು ಒತ್ತೆಯಿಟ್ಟ.

ಇಳಿಯುವಾಗ ಭೋಗನಂದೀಶ್ವರನ ಗುಡಿಗೆ ಹೋಗಿ ಕೈಮುಗಿದೆವು. ಹುಡುಗನಿಗೆ ಈಗ ರಹಮಾನ್‌ಗಡ ನೋಡಬೇಕಂತೆ. ಚಿಂತಾಮಣಿ ಕಡೆಯ ಬಸ್ಸಿನ ವೇಳೆಯನ್ನು ಅವನೇ ವಿಚಾರಿಸಿಕೊಂಡು ಬಂದ.