ಎತ್ತರದ ಹುಡುಗನಿಗೆ ಮೊದಲು ಪಾಸಿಂಗ್

ಶುಕ್ರವಾರ ಬಂತಂದ್ರೆ ವಿಜಯಪುರದ ಬಿಸಿಲೂ ನನಗೆ ಗೊತ್ತಾಗಲ್ಲ. ಬಜರ್‌ಬೀಟರ್ ಅಂತ ಆನ್‌ಲೈನ್ ಆಟ, ಅದರಲ್ಲಿ ನಾನೊಂದು ಬ್ಯಾಸ್ಕೆಟ್‌ಬಾಲ್ ತಂಡ ನಡೆಸುತ್ತೇನೆ. ಆ ತಂಡದ ನನ್ನ ಹುಡುಗರು ವಾರವಿಡೀ ಏನು ಕಲಿತರು ಅಂತ ತಿಳಿಯುವ ದಿನ ಅದು.

ಈ ಸಲ ಡ್ರಾಫ್ಟ್‌ನಲ್ಲಿ, ಅಂದ್ರೆ ಹೊಸ ಆಟಗಾರರ ಆಯ್ಕೆಯಲ್ಲಿ, 18 ವರ್ಷದ ಹುಡುಗ ಸಿಕ್ಕ. ಎತ್ತರ 208 ಸೆಂಟಿಮೀಟರ್. ಇಂಥವನಿಗೆ ರಿಬೌಂಡು (ಬುಟ್ಟಿಗೆ ಬೀಳದೆ ಪುಟಿದ ಚೆಂಡು ಹಿಡಿಯುವುದು), ಇನ್‌ಸೈಡ್ ಶಾಟ್ (ಬುಟ್ಟಿಯ ಹತ್ತಿರದಿಂದ ಎಸೆಯುವುದು) ಬೇಗ ಹತ್ತುತ್ತವೆ. ಪಾಸಿಂಗ್ (ಜೊತೆಗಾರನಿಗೆ ಚೆಂಡು ಕೊಡುವುದು), ಹ್ಯಾಂಡ್ಲಿಂಗ್ (ಚೆಂಡನ್ನು ಹಿಡಿತದಲ್ಲಿಡುವುದು) ಮಾತ್ರ ತುಂಬಾ ನಿಧಾನ. ವಯಸ್ಸು ಏರಿದ ಹಾಗೆ ಎಲ್ಲವೂ ಇನ್ನೂ ನಿಧಾನ ಆಗುತ್ತದೆ. ಹಾಗಾದ್ರೆ ಕಷ್ಟದ್ದನ್ನೇ ಈಗ ಕಲಿಸಬೇಕು, ಅಲ್ವಾ? ರಿಬೌಂಡನ್ನು 22ನೇ ವಯಸ್ಸಿಗೂ ಕಲಿಸಬಹುದು.

ಆದರೆ ಇದಕ್ಕೆ ಬೆಲೆ ಇದೆ. ವಾರಕ್ಕೆ ಒಂದೇ ಕೌಶಲ ಕಲಿಸಬಹುದು. ಪಾಸಿಂಗ್ ಪೂರ್ತಿ ಹತ್ತಬೇಕಾದ್ರೆ ಅವನು ಗಾರ್ಡ್ ಜಾಗದಲ್ಲಿ, ಅಂದ್ರೆ ಚೆಂಡು ನಡೆಸುವವನ ಜಾಗದಲ್ಲಿ, 48 ನಿಮಿಷ ಆಡಲೇಬೇಕು. ಚೆಂಡು ಹಿಡಿಯಲು ಬಾರದವನ ಕೈಗೆ ಇಡೀ ಆಟ ಕೊಟ್ಟ ಹಾಗೆ. ಕಳೆದ ಶನಿವಾರ 23 ಅಂಕಗಳಿಂದ ಸೋತೆವು. ತುಂಬಾ ಬೇಜಾರಾಯಿತು.

ರಾತ್ರಿ ರೊಟ್ಟಿ ಊಟ ಮುಗಿಸಿ ನೋಟ್‌ಬುಕ್ ತೆಗೆದಿದ್ದೆ. ಹುಡುಗನ ಹೆಸರಿನ ಕೆಳಗೆ ಪೆನ್ಸಿಲ್‌ನಿಂದ ವಾರ ವಾರದ ಗೆರೆ ಎಳೆದಿದ್ದೇನೆ. ಅಣ್ಣನ ಮಗ ಬಗ್ಗಿ ನೋಡಿ ಕೇಳಿದ: "ಕಾಕಾ, ಇಷ್ಟ್ ಉದ್ದ ಹುಡುಗಗ ಪಾಸಿಂಗ್ ಯಾಕ್ರಿ?"

"ನಾಳೆ ಇಬ್ಬರು ಬಂದು ಇವನ ಮುತ್ತಿಗೆ ಹಾಕಿದ್ರ, ಚೆಂಡು ಯಾರಿಗೆ ಕೊಡಬೇಕಂತ ಇವನಿಗೇ ತಿಳೀಬೇಕಲ್ಲೋ" ಅಂದೆ.

ಈ ಶುಕ್ರವಾರ ಅವನ ಪಾಸಿಂಗ್ ಒಂದು ಹಂತ ಏರಿತು. ಮಂಗಳವಾರದ ಪಂದ್ಯಕ್ಕೂ ಅವನೇ ಪಾಯಿಂಟ್ ಗಾರ್ಡ್.