ವಿಮ್ ಕಲಿಯುವವರಿಗೆ ಮೊದಲು ಬೇಕಾದದ್ದು

ದಾವಣಗೆರೆಯ ವಿದ್ಯಾನಗರದಲ್ಲಿರುವ ನಮ್ಮ ಮನೆಗೆ ಸಂಜೆಯ ಹೊತ್ತು ಲಿನಕ್ಸ್ ಕಲಿಯಲು ಬರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳಲ್ಲಿ ಹಲವರು ವಿಮ್ ಎಂಬ ಎಡಿಟರಿನ (ಪಠ್ಯ ಬರೆಯಲು, ತಿದ್ದಲು ಬಳಸುವ ತಂತ್ರಾಂಶದ) ಕಮಾಂಡುಗಳ ಉದ್ದನೆಯ ಪಟ್ಟಿಯೊಂದನ್ನು ಪ್ರಿಂಟ್ ತೆಗೆಸಿಕೊಂಡೇ ಬರುತ್ತಾರೆ. ಅದನ್ನು ಬಾಯಿಪಾಠ ಮಾಡುವ ಅಗತ್ಯವಿಲ್ಲ ಎನ್ನುವುದು ನನ್ನ ದೃಢವಾದ ಅಭಿಪ್ರಾಯ. ವಿಮ್‌ನ ಕಮಾಂಡುಗಳಿಗೆ ಒಂದು ವ್ಯಾಕರಣವಿದೆ. ನಾಲ್ಕಾರು ಕ್ರಿಯಾಪದಗಳೂ ಹತ್ತಾರು ಚಲನೆಗಳೂ ಗೊತ್ತಾದರೆ ಉಳಿದದ್ದನ್ನು ನಾವೇ ಕಟ್ಟಿಕೊಳ್ಳಬಹುದು.

ಇಷ್ಟು ಚುಟುಕಾದ ಕಮಾಂಡುಗಳು ಏಕೆ ಬಂದವು ಎಂಬುದಕ್ಕೆ ಕಾರಣವಿದೆ. ವಿಮ್‌ಗೆ ಮೂಲವಾದ ವಿ-ಐ ಎಡಿಟರನ್ನು ಬಿಲ್ ಜಾಯ್ 1976ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿದ್ದಾಗ ಬರೆದರು. ಆಗ ಅವರು ಬಳಸುತ್ತಿದ್ದದ್ದು 300 ಬಾಡ್ ವೇಗದ ಮೋಡೆಮ್. ಅಂದರೆ ಸೆಕೆಂಡಿಗೆ ಸುಮಾರು 30 ಅಕ್ಷರಗಳು ಮಾತ್ರ ಪರದೆಗೆ ಬರುತ್ತಿದ್ದವು. ಅಷ್ಟು ನಿಧಾನದ ಸಂಪರ್ಕದಲ್ಲಿ ಒಂದೊಂದು ಕೀಲಿಯೂ ಹೆಚ್ಚು ಕೆಲಸ ಮಾಡಲೇಬೇಕಿತ್ತು. ಕರ್ಸರನ್ನು ಎಡ, ಕೆಳ, ಮೇಲೆ, ಬಲಕ್ಕೆ ಸರಿಸಲು ಎಚ್, ಜೆ, ಕೆ, ಎಲ್ ಕೀಲಿಗಳು ಬಂದದ್ದಕ್ಕೂ ಕಾರಣವಿದೆ: ಅವರು ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ (ಕಂಪ್ಯೂಟರಿಗೆ ಜೋಡಿಸುವ ಪರದೆ ಮತ್ತು ಕೀಬೋರ್ಡಿನಲ್ಲಿ) ಬಾಣದ ಗುರುತುಗಳು ಅದೇ ನಾಲ್ಕು ಕೀಲಿಗಳ ಮೇಲಿದ್ದವು. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿದ ವಿಮ್ ಇದನ್ನೆಲ್ಲ ಹಾಗೆಯೇ ಉಳಿಸಿಕೊಂಡಿತು.

ವಿಮ್ ತೆರೆದಾಗ ನಾವಿರುವುದು ನಾರ್ಮಲ್ ಮೋಡ್‌ನಲ್ಲಿ. ಇಲ್ಲಿ ಕೀಲಿಗಳು ಅಕ್ಷರ ಮೂಡಿಸುವುದಿಲ್ಲ, ಆಜ್ಞೆ ಕೊಡುತ್ತವೆ. ಐ ಒತ್ತಿದರೆ ಬರೆಯಬಹುದು, ಎಸ್ಕೇಪ್ ಒತ್ತಿದರೆ ಮರಳಿ ನಾರ್ಮಲ್ ಮೋಡ್‌ಗೆ ಬರಬಹುದು. ಡಿ ಎಂದರೆ ಅಳಿಸು, ಸಿ ಎಂದರೆ ಅಳಿಸಿ ಬೇರೆ ಬರೆ, ವೈ ಎಂದರೆ ನಕಲು ಮಾಡಿಕೋ. ಡಬ್ಲ್ಯೂ ಮುಂದಿನ ಪದದವರೆಗೆ ಒಯ್ಯುತ್ತದೆ, ಡಾಲರ್ ಚಿಹ್ನೆ ಸಾಲಿನ ಕೊನೆಯವರೆಗೆ. ಹಾಗಾಗಿ ಡಿ ಡಬ್ಲ್ಯೂ ಒಂದು ಪದವನ್ನು, ಡಿ ಡಾಲರ್ ಸಾಲಿನ ಉಳಿದ ಭಾಗವನ್ನು ಅಳಿಸುತ್ತವೆ. ವೈ ಡಾಲರ್ ಏನು ಮಾಡುತ್ತದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಈ ವ್ಯಾಕರಣದಲ್ಲಿ ಕ್ರಿಯಾಪದ ಮೊದಲು ಬರುತ್ತದೆ, ನಮ್ಮ ಕನ್ನಡದಲ್ಲಿ ಅದು ಕೊನೆಗೆ. ಕನ್ನಡದ ಕ್ರಮವೇ ಸಲೀಸೆನಿಸುವವರಿಗೆ ವಿಷುಯಲ್ ಮೋಡ್ ಇದೆ: ವಿ ಒತ್ತಿ, ಬೇಕಾದಷ್ಟು ಭಾಗವನ್ನು ಆಯ್ದುಕೊಂಡು, ಆಮೇಲೆ ಡಿ ಒತ್ತಬಹುದು. ಕಲಿಕೆಯ ಮೊದಲ ವಾರದಲ್ಲಿ ಇದನ್ನು ಧಾರಾಳವಾಗಿ ಬಳಸಿ ಎಂದೇ ನಾನು ಹೇಳುವುದು.

ಕಳೆದ ತಿಂಗಳು ಜಗಳೂರಿನ ಒಬ್ಬ ವಿದ್ಯಾರ್ಥಿನಿ ಇಂಗ್ಲಿಷ್‌ನಲ್ಲಿದ್ದ ಹಳೆಯ ವಿಳಾಸಗಳ ಕಡತವೊಂದನ್ನು ತಂದಿದ್ದಳು. ದಾವಣಗೆರೆ, ಹರಿಹರ, ಜಗಳೂರು ತಾಲ್ಲೂಕುಗಳು 1997ರವರೆಗೆ ಚಿತ್ರದುರ್ಗ ಜಿಲ್ಲೆಯಲ್ಲಿದ್ದುದರಿಂದ ಅದರ ಎಲ್ಲ ಸಾಲುಗಳಲ್ಲೂ ಜಿಲ್ಲೆ ಚಿತ್ರದುರ್ಗವೆಂದೇ ಇತ್ತು. ಹೊಳಲ್ಕೆರೆ, ಹಿರಿಯೂರಿನ ಸಾಲುಗಳು ಹಾಗೆಯೇ ಉಳಿಯಬೇಕು, ಜಗಳೂರು, ಹರಿಹರದವು ಬದಲಾಗಬೇಕು. "ಸರ್, ಇದನ್ನ ಒಂದೊಂದಾಗಿ ಟೈಪ್ ಮಾಡ್ಬೇಕಾ?" ಎಂದು ಕೇಳಿದಳು. ಹುಡುಕಲು ಓರೆಗೆರೆ (/) ಒತ್ತಿ ಚಿತ್ರದುರ್ಗ ಎಂದು ಬರೆದು ಎಂಟರ್ ಕೊಡಿಸಿದೆ. ಕರ್ಸರ್ ಆ ಪದಕ್ಕೆ ಹೋಯಿತು. ಸಿ ಡಬ್ಲ್ಯೂ ಒತ್ತಿ, ದಾವಣಗೆರೆ ಎಂದು ಬರೆದು, ಎಸ್ಕೇಪ್ ಒತ್ತಿದಳು. ಅಲ್ಲಿಂದ ಮುಂದೆ ಎರಡೇ ಕೀಲಿಗಳ ಕೆಲಸ: ಎನ್ ಒತ್ತಿದರೆ ಮುಂದಿನ ಚಿತ್ರದುರ್ಗ ಸಿಗುತ್ತದೆ, ಸಾಲು ಜಗಳೂರಿನದಾದರೆ ಚುಕ್ಕಿ ಕೀಲಿ ಹಿಂದಿನ ಬದಲಾವಣೆಯನ್ನೇ ಪುನಃ ಮಾಡುತ್ತದೆ, ಹೊಳಲ್ಕೆರೆಯದಾದರೆ ಮತ್ತೆ ಎನ್. ಬೆರಳುಗಳು ಕೀಬೋರ್ಡಿನಿಂದ ಏಳದೆ ಕಡತ ಮುಗಿಯಿತು. ಚುಕ್ಕಿ ಕೀಲಿಯಷ್ಟು ಉಪಕಾರಿಯಾದದ್ದು ಈ ಎಡಿಟರಿನಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ.

ತಪ್ಪಾದರೆ ಯು ಒತ್ತಿದರೆ ಹಿಂದಿನ ಸ್ಥಿತಿಗೆ ಮರಳಬಹುದು. ಹೊರಬರಲು ಕೋಲನ್ ಹಾಕಿ ಡಬ್ಲ್ಯೂ ಕ್ಯೂ ಬರೆದರೆ ಉಳಿಸಿ ಮುಚ್ಚುತ್ತದೆ. ಕೋಲನ್ ಹಾಕಿ ಕ್ಯೂ ಮತ್ತು ಆಶ್ಚರ್ಯಸೂಚಕ ಚಿಹ್ನೆ ಬರೆದರೆ ಬದಲಾವಣೆಗಳನ್ನು ಬಿಟ್ಟು ಮುಚ್ಚುತ್ತದೆ. ಅಭ್ಯಾಸಕ್ಕೆ ವಿಮ್‌ಟ್ಯೂಟರ್ ಎಂಬ ಪಾಠ ವಿಮ್‌ನ ಜೊತೆಗೇ ಬರುತ್ತದೆ. ಅರ್ಧ ಗಂಟೆಯಲ್ಲಿ ಮುಗಿಸಬಹುದಾದ ಈ ಪಾಠ ಪ್ರತಿ ಸಲವೂ ಹೊಸ ಪ್ರತಿಯಲ್ಲಿ ತೆರೆದುಕೊಳ್ಳುವುದರಿಂದ ಅದನ್ನು ಎಷ್ಟು ಬೇಕಾದರೂ ಅಳಿಸಿ ಕೆಡಿಸಬಹುದು.

ಕನ್ನಡದಲ್ಲಿ ಬರೆಯುವವರು ಇನ್ನೊಂದು ವಿಷಯವನ್ನು ಗಮನಿಸಬೇಕು. ಕೀಬೋರ್ಡ್ ಕನ್ನಡ ವಿನ್ಯಾಸದಲ್ಲಿದ್ದಾಗ ಡಿ ಕೀಲಿ ಒತ್ತಿದರೆ ವಿಮ್‌ಗೆ ತಲುಪುವುದು ಕನ್ನಡದ ಅಕ್ಷರ, ಅದನ್ನು ಅದು ಆಜ್ಞೆಯೆಂದು ಗುರುತಿಸುವುದಿಲ್ಲ. ಆದ್ದರಿಂದ ಎಸ್ಕೇಪ್ ಒತ್ತಿದ ಕೂಡಲೇ ಇಂಗ್ಲಿಷ್ ವಿನ್ಯಾಸಕ್ಕೆ ಮರಳುವುದನ್ನೂ ಮೊದಲ ದಿನದಿಂದಲೇ ರೂಢಿಸಿಕೊಳ್ಳಿ.