ಅಪ್ಪನ ಹಳೇ ಟ್ಯಾಬ್, ಆಂಡ್ರಾಯ್ಡ್ 4.4: ಐದು ವಾರದಲ್ಲಿ ಎಲ್ಲಿಗೆ ಬಂತು

ಇದನ್ನು ಶುರು ಮಾಡಿದ್ದು ಸಿಟ್ಟಿನಲ್ಲಿ. ಅಪ್ಪನ ಹತ್ತಿರ 2014ರಲ್ಲಿ ತಗೊಂಡ ಏಳು ಇಂಚಿನ ಟ್ಯಾಬ್ ಒಂದಿದೆ. ಹಳೇ ಪಂಚೆಯ ತುಂಡಿನಲ್ಲಿ ಸುತ್ತಿ ಇಡುತ್ತಾರೆ, ಹಾಗಾಗಿ ಗಾಜಿನ ಮೇಲೆ ಇವತ್ತಿಗೂ ಒಂದು ಗೀರು ಇಲ್ಲ. ಅದರಲ್ಲಿ ಅವರು ಮಾಡುತ್ತಿದ್ದದ್ದು ಮೂರೇ ಕೆಲಸ. ಬೆಳಿಗ್ಗೆ ಪೇಪರ್, ಮಧ್ಯಾಹ್ನ ತಾಳಮದ್ದಳೆ, ರಾತ್ರಿ ಮಲಗೋ ಮುಂಚೆ ಏನಾದರೂ ಓದು. ಮೂರೂ ಒಂದೊಂದಾಗಿ ನಿಂತವು. ಮೊದಲು ಪೇಪರಿನ ಆಪ್ 'ಅಪ್‌ಡೇಟ್ ಮಾಡಿ' ಅಂತ ಹೇಳಿತು, ಮಾಡಲು ಹೋದರೆ 'ನಿಮ್ಮ ಸಾಧನಕ್ಕೆ ಈ ಆವೃತ್ತಿ ಹೊಂದುವುದಿಲ್ಲ' ಅಂತು. ಆಮೇಲೆ ವಿಡಿಯೋ ಆಪ್. ಕೊನೆಗೆ ಪುಸ್ತಕದ ಆಪ್, ಅದರಲ್ಲಿ ದುಡ್ಡು ಕೊಟ್ಟು ತಗೊಂಡ ಪುಸ್ತಕಗಳೂ ಇದ್ದವು.

ಹೊಸದು ಕೊಡಿಸುತ್ತೇನೆ ಅಂದೆ. 'ಇದಕ್ಕೆಂತ ಆಗಿದೆ ಮಾರಾಯ, ಚೆನ್ನಾಗೇ ಇದೆಯಲ್ಲ' ಅಂದರು. ಸಾಗರದ ಕಡೆಯವರು, ಬೆಂಗಳೂರಿಗೆ ಬಂದು ಎಂಟು ವರ್ಷ ಆದರೂ ಈ 'ಎಂತ' ಬಿಟ್ಟಿಲ್ಲ. ನನಗೆ ಉತ್ತರ ಹೊಳೆಯಲಿಲ್ಲ. ನಿಜಕ್ಕೂ ಇದಕ್ಕೆ ಏನೂ ಆಗಿರಲಿಲ್ಲ. ಬ್ಯಾಟರಿ ಒಂದು ಬಿಟ್ಟರೆ.

ಮೊದಲ ಭಾನುವಾರ

ಒಳಗೆ ಮೀಡಿಯಾಟೆಕ್‌ನ ಎಂಟಿ8312 ಚಿಪ್, ಎರಡು ಕೋರ್, 1 ಜಿಬಿ ರ‍್ಯಾಮ್, 8 ಜಿಬಿ ಸ್ಟೋರೇಜ್. ಆಂಡ್ರಾಯ್ಡ್ 4.4, ಅಂದರೆ ಕಿಟ್‌ಕ್ಯಾಟ್. ಕೊಂಡ ದಿನದಿಂದ ಒಂದೂ ಸಿಸ್ಟಂ ಅಪ್‌ಡೇಟ್ ಬಂದಿಲ್ಲ.

ಚಾರ್ಜ್ ಹಾಕಿ ಆನ್ ಮಾಡಿ ಬ್ರೌಸರ್ ತೆರೆದೆ. ಯಾವ ಸೈಟ್‌ಗೆ ಹೋದರೂ ಸರ್ಟಿಫಿಕೇಟ್ (ಸೈಟ್ ಅಸಲಿ ಅಂತ ಹೇಳುವ ಗುರುತುಪತ್ರ) ಸರಿಯಿಲ್ಲ ಅಂತ ಎರರ್. ಕಥೆ ಇಷ್ಟೇ, ಎಲ್ಲ ಮುಗೀತು ಅಂದುಕೊಂಡು ಅರ್ಧ ಗಂಟೆ ತಲೆ ಕೆರೆದುಕೊಂಡೆ. ಆಮೇಲೆ ಮೇಲಿನ ಪಟ್ಟಿ ಎಳೆದು ನೋಡಿದರೆ ತಾರೀಕು 2010 ಜನವರಿ 1! ಬ್ಯಾಟರಿ ತಿಂಗಳುಗಟ್ಟಲೆ ಸತ್ತು ಮಲಗಿದ್ದಕ್ಕೆ ಗಡಿಯಾರ ಹಿಂದಕ್ಕೆ ಹೋಗಿತ್ತು. ಇವತ್ತಿನ ಸೈಟ್‌ಗಳ ಸರ್ಟಿಫಿಕೇಟ್‌ಗಳೆಲ್ಲ ಅದರ ಲೆಕ್ಕದಲ್ಲಿ ಇನ್ನೂ ಹುಟ್ಟೇ ಇಲ್ಲ. ತಾರೀಕು ಸರಿ ಮಾಡಿದ ಮೇಲೆ ಅರ್ಧ ಸೈಟ್‌ಗಳು ತೆರೆದವು. ನೀವೂ ಹಳೇ ಟ್ಯಾಬ್ ಹಿಡಿದು ಕೂತರೆ ಮೊದಲು ಗಡಿಯಾರ ನೋಡಿ.

ಇನ್ನರ್ಧ ತೆರೆಯಲಿಲ್ಲ, ಅದರ ಕಾರಣ ಬೇರೆ. ಬಹಳಷ್ಟು ಸೈಟ್‌ಗಳು ಲೆಟ್ಸ್ ಎನ್‌ಕ್ರಿಪ್ಟ್ ಕೊಡುವ ಉಚಿತ ಸರ್ಟಿಫಿಕೇಟ್ ಬಳಸುತ್ತವೆ. ಅವರ ಮೂಲ ಸರ್ಟಿಫಿಕೇಟನ್ನು, ಅಂದರೆ ಅವರು ಕೊಡುವ ಉಳಿದವಕ್ಕೆಲ್ಲ ಆಧಾರವಾದದ್ದನ್ನು, ಆಂಡ್ರಾಯ್ಡ್ ನಂಬಲು ಶುರು ಮಾಡಿದ್ದು 7.1.1ರಿಂದ. ಅದಕ್ಕಿಂತ ಹಳೆಯವು ಇನ್ನೊಂದು ಹಳೇ ಸಂಸ್ಥೆಯ ಸಹಿಯ ಬಲದ ಮೇಲೆ ಓಡುತ್ತಿದ್ದವು. ಆ ಸಂಸ್ಥೆಯ ಮೂಲ ಸರ್ಟಿಫಿಕೇಟ್ ಅವಧಿ 2021ರ ಸೆಪ್ಟೆಂಬರ್ 30ಕ್ಕೇ ಮುಗಿಯಿತು. ಆದರೆ ಹಳೇ ಆಂಡ್ರಾಯ್ಡ್‌ಗೆ ಒಂದು ಒಳ್ಳೇ ಸೋಮಾರಿತನ ಇದೆ, ಮೂಲ ಸರ್ಟಿಫಿಕೇಟ್‌ನ ಮುಕ್ತಾಯದ ದಿನಾಂಕವನ್ನು ಅದು ನೋಡುವುದೇ ಇಲ್ಲ. ಅದನ್ನೇ ಉಪಯೋಗಿಸಿಕೊಂಡು ಅವರು ಇನ್ನೂ ಮೂರು ವರ್ಷ ತಳ್ಳಿದರು. ಆ ಜೋಡಣೆಯೂ 2024ರ ಸೆಪ್ಟೆಂಬರ್‌ಗೆ ಮುಗಿಯಿತು.

ದಾರಿ ಇದೆ. ಅವರ ಮೂಲ ಸರ್ಟಿಫಿಕೇಟ್ ಫೈಲನ್ನು ಲ್ಯಾಪ್‌ಟಾಪ್‌ನಲ್ಲಿ ಇಳಿಸಿಕೊಂಡು, ಕೇಬಲ್‌ನಲ್ಲಿ ಟ್ಯಾಬ್‌ಗೆ ಹಾಕಿ, ಸೆಟ್ಟಿಂಗ್ಸ್‌ನ ಸೆಕ್ಯುರಿಟಿಯಲ್ಲಿ ಹೋಗಿ ಇನ್‌ಸ್ಟಾಲ್ ಮಾಡುವುದು. ಮಾಡಿದೆ. ಕೆಲಸ ಮಾಡಿತು! ಆದರೆ ಎರಡು ಕಿರಿಕಿರಿ. ಇದಕ್ಕೆ ಸ್ಕ್ರೀನ್ ಲಾಕ್ ಕಡ್ಡಾಯ. ಮತ್ತೆ 4.4ರಲ್ಲಿ ಪ್ರತಿ ಸಲ ಆನ್ ಮಾಡಿದಾಗಲೂ 'ನಿಮ್ಮ ನೆಟ್‌ವರ್ಕನ್ನು ಬೇರೆಯವರು ಗಮನಿಸುತ್ತಿರಬಹುದು' ಅನ್ನೋ ಅರ್ಥದ ಎಚ್ಚರಿಕೆ ಮೇಲೆ ಬಂದು ಕೂರುತ್ತದೆ. ಎರಡನೇ ದಿನ ಅಪ್ಪ ಟ್ಯಾಬ್ ಹಿಡಿದುಕೊಂಡು ಅಡುಗೆಮನೆಗೆ ಬಂದು 'ಯಾರೋ ನೋಡ್ತಾ ಇದ್ದಾರಂತೆ ನೋಡು' ಅಂದರು, ಮುಖ ಸಣ್ಣದಾಗಿತ್ತು. ಅದು ನಾನೇ ಹಾಕಿದ್ದು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ತೆಗೆದುಹಾಕಿದೆ, ಲಾಕ್ ಕೂಡ.

ಎರಡನೇ ಭಾನುವಾರ: ಬಿಳಿ ಹಾಳೆ

ಫೈರ್‌ಫಾಕ್ಸ್ ತನ್ನ ಸರ್ಟಿಫಿಕೇಟ್ ಪಟ್ಟಿಯನ್ನು ತಾನೇ ಇಟ್ಟುಕೊಳ್ಳುತ್ತದೆ, ಸಿಸ್ಟಂನದನ್ನು ನೆಚ್ಚಿಕೊಳ್ಳುವುದಿಲ್ಲ. ಆಂಡ್ರಾಯ್ಡ್ 4.4ಕ್ಕೆ ಸಿಗುವ ಕೊನೆಯದು 68ನೇ ಆವೃತ್ತಿ. ಮೊಜಿಲ್ಲಾ ಹಳೇ ಆವೃತ್ತಿಗಳನ್ನೆಲ್ಲ ತನ್ನ ಆರ್ಕೈವ್‌ನಲ್ಲಿ ಹಾಗೇ ಬಿಟ್ಟಿದೆ, ಅದಕ್ಕೊಂದು ನಮಸ್ಕಾರ. ಅದರ ಎಪಿಕೆ, ಅಂದರೆ ಆಪ್ ಹಾಕುವ ಫೈಲ್, ತಂದು ಹಾಕಿದೆ. ಸರ್ಟಿಫಿಕೇಟ್ ತಕರಾರು ಹೋಯಿತು.

ಈಗ ಪೇಪರಿನ ಸೈಟ್ ತೆರೆದರೆ ಮೇಲೆ ಹೆಸರು, ಕೆಳಗೆ ಬಿಳಿ ಹಾಳೆ. ಎರರ್ ಇಲ್ಲ, ಏನಿಲ್ಲ. ಇದನ್ನು ಹಿಡಿಯಲು ಅದೇ 68ನೇ ಆವೃತ್ತಿಯನ್ನು ಲ್ಯಾಪ್‌ಟಾಪ್‌ನಲ್ಲೂ ಹಾಕಿಕೊಂಡು ಪುಟದ ತಪ್ಪುಗಳನ್ನು ತೋರಿಸುವ ಕನ್ಸೋಲ್ ತೆರೆದು ನೋಡಿದೆ. ಸಾವಿರಾರು ಸಾಲಿನ ಜಾವಾಸ್ಕ್ರಿಪ್ಟ್‌ನಲ್ಲಿ (ಪುಟದೊಳಗೆ ಓಡುವ ಕೋಡ್) ಒಂದು ಕಡೆ ಪ್ರಶ್ನಾರ್ಥಕ ಚಿಹ್ನೆ, ಅದರ ಪಕ್ಕ ಒಂದು ಚುಕ್ಕಿ. ಅಷ್ಟೇ. ಆ ಬರವಣಿಗೆ ಫೈರ್‌ಫಾಕ್ಸ್‌ಗೆ ಬಂದಿದ್ದು 2020ರ ಮಾರ್ಚ್‌ನಲ್ಲಿ, 74ನೇ ಆವೃತ್ತಿಗೆ. 68ಕ್ಕೆ ಅದು ಏನಂತಲೇ ಗೊತ್ತಿಲ್ಲ. ಗೊತ್ತಿಲ್ಲದ ಒಂದು ಗುರುತು ಸಿಕ್ಕರೆ ಆ ಒಂದು ಸಾಲು ಬಿಟ್ಟು ಮುಂದಕ್ಕೆ ಹೋಗುವುದಿಲ್ಲ, ಇಡೀ ಸ್ಕ್ರಿಪ್ಟನ್ನೇ ಎಸೆಯುತ್ತದೆ. ಸುದ್ದಿ ಅಂದರೆ ಬರೀ ಅಕ್ಷರ ಅಲ್ವಾ? ಅದನ್ನು ತೋರಿಸಲು ಸ್ಕ್ರಿಪ್ಟ್ ಓಡಲೇಬೇಕು ಅಂತ ಕಟ್ಟಿದ್ದಾರೆ. ಜಾವಾಸ್ಕ್ರಿಪ್ಟ್ ಪೂರ್ತಿ ಆಫ್ ಮಾಡಿದರೆ ಕೆಲವು ಸೈಟ್‌ಗಳು ಮೊದಲಿಗಿಂತ ಚೆನ್ನಾಗಿ, ಜಾಹೀರಾತೂ ಇಲ್ಲದೆ ಬಂದವು. ಅಪ್ಪನಿಗೆ ಬೇಕಾದ ಪೇಪರ್ ಮಾತ್ರ ಬರಲಿಲ್ಲ.

ಆವತ್ತು ರಾತ್ರಿ ಚೆನ್ನಾಗಿ ಬೈದುಕೊಂಡೆ. ಮಾರನೇ ದಿನ ಆಫೀಸಿನಲ್ಲಿ ಕೂತಾಗ ನೆನಪಾಯಿತು: ನಾನೂ ಆಪ್ ಬರೆದೇ ಹೊಟ್ಟೆ ಹೊರೆಯುವವನು. ನಮ್ಮ ಆಪ್‌ನ ಕನಿಷ್ಠ ಎಸ್‌ಡಿಕೆ ಸಂಖ್ಯೆಯನ್ನು (ಯಾವ ಆಂಡ್ರಾಯ್ಡ್‌ಗಿಂತ ಹಳೆಯದರಲ್ಲಿ ಆಪ್ ಓಡಲ್ಲ ಅಂತ ಹೇಳುವ ಅಂಕೆ) 21ರಿಂದ 24ಕ್ಕೆ ಏರಿಸಿದ್ದು ನಾನೇ. ಒಂದು ಸಾಲು. ಒಂದು ಅಂಕೆ ಅಳಿಸಿ ಇನ್ನೊಂದು ಬರೆದದ್ದು. ಆಂಡ್ರಾಯ್ಡ್ 5 ಮತ್ತು 6 ಇಟ್ಟುಕೊಂಡವರೆಲ್ಲ ಆ ಒಂದು ಸಾಲಿಗೆ ಹೊರಗೆ ಹೋದರು. ರಿವ್ಯೂ ಮಾಡಿದವರು ಹೆಬ್ಬೆರಳು ಎತ್ತಿದರು, ಟೀ ಕುಡಿಯೋಕೆ ಹೋದೆವು.

ನನ್ನ ಪರವಾಗಿ ನಾನೇ ವಾದ ಮಾಡಬೇಕೆಂದರೆ, ಇದು ಬರೀ ಸೋಮಾರಿತನ ಅಲ್ಲ. ಆಪ್‌ಗಳು ನಿಂತಿರುವುದು ಗೂಗಲ್‌ನವರ ಲೈಬ್ರರಿಗಳ, ಅಂದರೆ ಅವರು ಬರೆದಿಟ್ಟ ಸಿದ್ಧ ಕೋಡ್‌ನ ಮೇಲೆ. ಆ ಆಂಡ್ರಾಯ್ಡ್‌ಎಕ್ಸ್ ಲೈಬ್ರರಿಗಳೇ 2024ರಲ್ಲಿ ಕನಿಷ್ಠ 21, ಅಂದರೆ ಆಂಡ್ರಾಯ್ಡ್ 5.0 ಕೇಳಲು ಶುರು ಮಾಡಿದವು. ಎಷ್ಟೋ ಆಪ್‌ಗಳು ಹಿನ್ನೆಲೆಯಲ್ಲಿ ನೆಚ್ಚಿಕೊಳ್ಳುವ ಗೂಗಲ್ ಪ್ಲೇ ಸರ್ವೀಸಸ್ ಕಿಟ್‌ಕ್ಯಾಟನ್ನು ಕೈಬಿಟ್ಟದ್ದು 2023ರ ಆಗಸ್ಟ್‌ನಲ್ಲಿ. ಆಗ ಕಿಟ್‌ಕ್ಯಾಟ್ ಇದ್ದ ಸಾಧನಗಳು ಶೇಕಡಾ 1ಕ್ಕಿಂತ ಕಡಿಮೆ ಅಂತ ಹೇಳಿದ್ದರು. ಲೆಕ್ಕ ಸರಿಯೇ ಇರಬಹುದು. ಆ ಶೇಕಡಾ 1ರಲ್ಲಿ ಒಬ್ಬರು ನಮ್ಮ ಹಾಲ್‌ನಲ್ಲಿ ಕನ್ನಡಕ ಒರೆಸಿಕೊಳ್ಳುತ್ತಾ ಕೂತಿರುತ್ತಾರೆ ಅಂತ ನಾನು ಸಂಖ್ಯೆ ಬದಲಾಯಿಸುವಾಗ ಯೋಚಿಸಿರಲಿಲ್ಲ.

ಬೇರೆ ರಾಮ್ (ROM, ಅಂದರೆ ಬೇರೆಯವರು ಕಟ್ಟಿದ ಆಂಡ್ರಾಯ್ಡ್) ಹಾಕಬಾರದಾ ಅಂತ ಕೇಳುವವರಿಗೆ: ನೆಕ್ಸಸ್ 7ರ 2013ರ ಮಾಡೆಲ್ ಇದ್ದವರು ಪುಣ್ಯವಂತರು, ಅದಕ್ಕೆ ಲಿನಿಯೇಜ್ ಓಎಸ್ ಅನ್ನೋ ಅಂಥದ್ದೊಂದನ್ನು ಮಾಡಿಟ್ಟವರಿದ್ದಾರೆ. ನಮ್ಮದು ಎಲ್ಲೋ ಜೋಡಿಸಿ ಇಲ್ಲಿ ಹೆಸರು ಅಂಟಿಸಿದ ಸರಕು, ಅದನ್ನು ಕಟ್ಟಲು ಬೇಕಾದ ಕರ್ನಲ್ ಸೋರ್ಸ್ (ಸಿಸ್ಟಂನ ತಿರುಳಿನ ಮೂಲ ಕೋಡ್) ಎಲ್ಲೂ ಸಿಗಲಿಲ್ಲ. ಎರಡು ರಾತ್ರಿ ಹುಡುಕಿ ಬಿಟ್ಟೆ.

ಮೂರನೇ ಭಾನುವಾರ: ಎಸ್‌ಪಿ ರೋಡ್

ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳ ಒಂದು ಕಡೆ ಬಾಯಿ ಬಿಟ್ಟಿತ್ತು. ಇದನ್ನು ನಾನು ಮೊದಲ ದಿನವೇ ನೋಡಿ ಚಾರ್ಜ್‌ಗೆ ಹಾಕಲೇಬಾರದಿತ್ತು, ನನ್ನದೇ ಬೇಜವಾಬ್ದಾರಿ. ಹಳೇ ಎಟಿಎಂ ಕಾರ್ಡ್ ಒಂದನ್ನು ಸಂದಿಗೆ ತೂರಿಸಿ ಸುತ್ತಲೂ ಎಳೆದರೆ ಮುಚ್ಚಳ ಬಂತು. ಒಳಗೆ ಬೆಳ್ಳಿ ಬಣ್ಣದ ಚಪ್ಪಟೆ ದಿಂಬು. ಕೆಂಪು ತಂತಿ, ಕಪ್ಪು ತಂತಿ. ಮೇಲೆ 357090 ಅಂತ ಬರೆದಿತ್ತು. ಇದು ಮಾಡೆಲ್ ನಂಬರ್ ಅಂದುಕೊಂಡು ಹುಡುಕಿದರೆ ಏನೂ ಸಿಗಲ್ಲ, ಅದು ಅಳತೆ: 3.5 ಮಿ.ಮೀ. ದಪ್ಪ, 70 ಅಗಲ, 90 ಉದ್ದ. ಈ ಮೂರು ಅಳತೆ ಹೊಂದಿದರೆ ಯಾರ ಬ್ಯಾಟರಿ ಆದರೂ ಕೂರುತ್ತದೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಂತೆ ಎಸ್‌ಪಿ ರೋಡ್‌ನಲ್ಲಿ ಮೂರನೇ ಅಂಗಡಿಯಲ್ಲಿ ಸಿಕ್ಕಿತು. ಅಂಗಡಿಯವರು ಹಳೇದನ್ನು ಅಂಗೈ ಮೇಲೆ ಇಟ್ಟುಕೊಂಡು 'ಪೂರಿ ಆಗಿದೆ ಸಾರ್' ಅಂದರು. 450 ರೂಪಾಯಿ. 'ಟ್ಯಾಬ್ ಬದಲು ಮಾಡಿಬಿಡಿ' ಅನ್ನೋ ಮಾತು ಅವರ ಬಾಯಿಂದ ಬರಲೇ ಇಲ್ಲ, ಅದು ಇಷ್ಟವಾಯಿತು. ಮನೆಗೆ ಬಂದು ಮಲ್ಟಿಮೀಟರ್‌ನಲ್ಲಿ ಪ್ಲಸ್ ಮೈನಸ್ ನೋಡಿಕೊಂಡು ಬೆಸುಗೆ ಹಾಕಿದೆ. ತಂತಿ ಕತ್ತರಿಸುವಾಗ ಒಂದೊಂದೇ ಕತ್ತರಿಸಿ, ಎರಡನ್ನೂ ಒಟ್ಟಿಗೆ ಕತ್ತರಿಗೆ ಕೊಟ್ಟರೆ ಕತ್ತರಿಯೇ ಶಾರ್ಟ್ ಮಾಡುತ್ತದೆ. ಹಳೇ ಪೂರಿಯನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ತಗೊಳ್ಳುವ ಕಡೆ ಕೊಟ್ಟು ಬಂದೆ.

ನಾಲ್ಕನೇ ವಾರ

ಈ ವಾರ ಪಟ್ಟು ಬದಲಿಸಿದೆ. ಟ್ಯಾಬ್ ಹೊರಗಿನ ಇಂಟರ್‌ನೆಟ್‌ಗೆ ಹೋಗಲೇಬೇಕು ಅಂತ ಯಾಕೆ ಹಠ? ಪೆಟ್ಟಿಗೆಯಲ್ಲಿ ಬಿದ್ದಿದ್ದ ರಾಸ್ಪ್‌ಬೆರಿ ಪೈ 3 ಅನ್ನೋ ಪುಟ್ಟ ಕಂಪ್ಯೂಟರ್ ತೆಗೆದು ವೈಫೈ ರೌಟರ್ ಪಕ್ಕ ಇಟ್ಟೆ. ಬೆಳಿಗ್ಗೆ ಐದಕ್ಕೆ ಅದು ನಾಲ್ಕು ಕನ್ನಡ ಸುದ್ದಿ ಸೈಟ್‌ಗಳ ಆರ್‌ಎಸ್‌ಎಸ್ ಫೀಡ್ (ಹೊಸ ಸುದ್ದಿಗಳ ಪಟ್ಟಿ) ಎಳೆದು, ಸ್ಕ್ರಿಪ್ಟ್ ಒಂದೂ ಇಲ್ಲದ, ದೊಡ್ಡ ಅಕ್ಷರದ ಒಂದು ಸಾದಾ ಎಚ್‌ಟಿಎಂಎಲ್ ಪುಟ ಮಾಡಿಡುತ್ತದೆ. ಪೈಥಾನ್‌ನಲ್ಲಿ ಅರವತ್ತು ಸಾಲು. ಮನೆಯೊಳಗೇ ಬರೀ ಎಚ್‌ಟಿಟಿಪಿ, ಅಂದರೆ ಸರ್ಟಿಫಿಕೇಟ್ ಕೇಳದ ಸಾದಾ ಸಂಪರ್ಕ, ಹಾಗಾಗಿ ಸರ್ಟಿಫಿಕೇಟ್ ಗೋಳು ಇಲ್ಲ.

ಮೊದಲ ದಿನ ಪುಟದ ತುಂಬ ತಲೆ ಮೇಲೆ ಗೀಟು ಹಾಕಿಕೊಂಡ ಇಂಗ್ಲಿಷ್ 'ಎ'ಗಳ ಸಾಲು. ಅಕ್ಷರಗಳನ್ನು ಯಾವ ಸಂಕೇತದಲ್ಲಿ ಓದಬೇಕು ಅನ್ನೋದನ್ನು, ಯುಟಿಎಫ್-8 ಅಂತ, ಪುಟದ ತಲೆಯಲ್ಲಿ ಬರೆಯೋದು ಮರೆತಿದ್ದೆ. ಅದು ಸರಿ ಮಾಡಿದ ಮೇಲೆ ಒತ್ತಕ್ಷರ ಸಮೇತ ಕನ್ನಡ ಚೆನ್ನಾಗಿ ಬಂತು. ಅಂದ ಹಾಗೆ ಆಂಡ್ರಾಯ್ಡ್‌ಗೆ ಕನ್ನಡ ಅಕ್ಷರ ಜೋಡಿಸಲು ಬಂದಿದ್ದೇ 2012ರ 4.1ರಲ್ಲಿ. ಅಂದರೆ ಕನ್ನಡವನ್ನು ನೆಟ್ಟಗೆ ತೋರಿಸಲು ಕಲಿತ ಮೊದಲ ತಲೆಮಾರಿನ ಟ್ಯಾಬ್ ಇದು.

ಅಪ್ಪನ ತೀರ್ಪು: 'ಬರೀ ತಲೆಬರಹ, ಅದರ ಕೆಳಗೆ ನಾಲ್ಕು ಸಾಲು. ಪೂರ್ತಿ ಎಲ್ಲಿ?' ಫೀಡ್‌ನಲ್ಲಿ ಅಷ್ಟೇ ಕೊಡ್ತಾರೆ ಅಪ್ಪ ಅಂದೆ. ಈಗ ತಲೆಬರಹ ಓದಿ, ಬೇಕಾದ್ದನ್ನು ಅಮ್ಮನ ಫೋನ್ ಇಸ್ಕೊಂಡು ಓದುತ್ತಾರೆ. ಇದನ್ನು ಗೆಲುವು ಅಂತ ಕರೆಯೋಕೆ ನನಗೂ ಮನಸ್ಸಿಲ್ಲ.

ಓದುವ ಕೆಲಸ ಮಾತ್ರ ಚೆನ್ನಾಗಿ ಕೂತಿತು. ಕೆಒರೀಡರ್ ಅನ್ನೋ ಮುಕ್ತ ತಂತ್ರಾಂಶ 4.4ರಲ್ಲಿ ಸಲೀಸಾಗಿ ಓಡುತ್ತದೆ. ಕನ್ನಡಕ್ಕೆ ಅದರ ಫಾಂಟ್ಸ್ ಫೋಲ್ಡರಿಗೆ ನೋಟೋ ಸೆರಿಫ್ ಕನ್ನಡ ಫಾಂಟ್ ಹಾಕಿ ಆಯ್ಕೆ ಮಾಡಿದೆ. ಕನ್ನಡ ವಿಕಿಸೋರ್ಸ್ ಅನ್ನೋ ಉಚಿತ ಪುಸ್ತಕಗಳ ಸೈಟ್‌ನಿಂದ ಇಪಬ್ (ಇ-ಪುಸ್ತಕದ ಫೈಲ್) ಇಳಿಸಿಕೊಳ್ಳಬಹುದು. ವಚನಗಳು, ಹಳೇ ಗದ್ಯ, ಒಂದಿಷ್ಟು ತುಂಬಿಸಿದೆ. ಒಂದು ಎಚ್ಚರಿಕೆ: 4.4ರಲ್ಲಿ ಆಪ್‌ಗಳು ಎಸ್‌ಡಿ ಕಾರ್ಡ್ ಮೇಲೆ ಬೇಕೆಂದ ಕಡೆ ಬರೆಯುವ ಹಾಗಿಲ್ಲ. ಕಾರ್ಡ್ ತೆಗೆದು ಲ್ಯಾಪ್‌ಟಾಪ್‌ನಲ್ಲಿ ಫೈಲ್ ಹಾಕುವುದೇ ಸುಲಭ.

ದುಡ್ಡು ಕೊಟ್ಟು ತಗೊಂಡಿದ್ದ ಆ ಪುಸ್ತಕಗಳು? ಆ ಆಪ್‌ನೊಳಗೇ ಬೀಗ ಹಾಕಿಕೊಂಡಿವೆ. ಹೊಸ ಫೋನ್‌ನಲ್ಲಿ ಲಾಗಿನ್ ಆದರೆ ಕಾಣುತ್ತವಂತೆ. ಅಪ್ಪನಿಗೆ ಫೋನ್‌ನಲ್ಲಿ ಓದೋಕೆ ಕಣ್ಣು ಹಿಡಿಯಲ್ಲ.

ಇನ್ನೊಂದು, ಇದನ್ನು ಕಂಡುಹಿಡಿದದ್ದು ನಾನಲ್ಲ, ಅಮ್ಮ. ಎಲ್ಲ ಐಕಾನ್ ಒತ್ತುತ್ತಾ 'ಇದರಲ್ಲಿ ರೇಡಿಯೋ ಇದೆಯಲ್ಲೋ' ಅಂದಳು. ನೋಡಿದರೆ ಎಫ್‌ಎಂ ಟ್ಯೂನರ್! ಇಯರ್‌ಫೋನ್ ತಂತಿಯೇ ಆಂಟೆನಾ. ಸಿಕ್ಕಿಸಿದ ಕೂಡಲೇ 101.3ರಲ್ಲಿ ಕಾಮನಬಿಲ್ಲು, 102.9ರಲ್ಲಿ ವಿವಿಧ ಭಾರತಿ. ಲಾಗಿನ್ ಇಲ್ಲ, ಅಪ್‌ಡೇಟ್ ಇಲ್ಲ, ತಾರೀಕು 2010 ಅಂತಿದ್ದರೂ ಅದಕ್ಕೆ ಚಿಂತೆ ಇಲ್ಲ. ನಾಲ್ಕು ವಾರ ಒದ್ದಾಡಿದ ನನ್ನ ಮುಂದೆ ಅಮ್ಮ ಎರಡು ನಿಮಿಷದಲ್ಲಿ ಹಾಡು ಹಾಕಿಸಿದಳು.

ಐದನೇ ವಾರ

ಬುಧವಾರ ಕರೆಂಟ್ ಹೋಗಿ ಬಂದ ಮೇಲೆ ಪೇಪರ್ ಪುಟ ತೆರೆಯಲಿಲ್ಲ. ರೌಟರ್ ಪೈಗೆ ಬೇರೆ ಐಪಿ ವಿಳಾಸ ಕೊಟ್ಟುಬಿಟ್ಟಿತ್ತು. ರೌಟರ್ ಸೆಟ್ಟಿಂಗ್‌ನಲ್ಲಿ ವಿಳಾಸ ಕಾಯಂ ಮಾಡಿದೆ. ಅಷ್ಟು ಬಿಟ್ಟರೆ ಎಲ್ಲ ಓಡುತ್ತಿದೆ. ಬ್ಯಾಟರಿ ಮೂರು ಗಂಟೆ ಬರುತ್ತೆ. ಬ್ಯಾಂಕ್, ಇಮೇಲ್ ಇತ್ಯಾದಿ ಯಾವ ಲಾಗಿನ್ನೂ ಇದರಲ್ಲಿ ಇಟ್ಟಿಲ್ಲ, ಇಡೋದೂ ಇಲ್ಲ. ಇಷ್ಟು ವರ್ಷ ಭದ್ರತೆಯ ತೇಪೆ ಬೀಳದ ಸಿಸ್ಟಂ ಇದು.

ತಾಳಮದ್ದಳೆಗೆ ವಿಎಲ್‌ಸಿ ಪ್ಲೇಯರ್‌ನ ಹಳೇ ಎಪಿಕೆ ಸಿಕ್ಕಿದೆ, ಎಂಪಿ3 ಹಾಕಿದರೆ ಸೊಗಸಾಗಿ ಓಡುತ್ತದೆ. ಹಾಕೋಕೆ ಎಂಪಿ3 ಬೇಕಲ್ಲ ಅಂದಿದ್ದಕ್ಕೆ ಅಪ್ಪ ಅಟ್ಟದಿಂದ ಒಂದು ಬಿಸ್ಕೆಟ್ ಡಬ್ಬ ಇಳಿಸಿದರು. ಹತ್ತೊಂಬತ್ತು ಕ್ಯಾಸೆಟ್. ಊರಲ್ಲಿ ಅವರೇ ರೆಕಾರ್ಡ್ ಮಾಡಿದ್ದು, ಮೇಲೆ ಇಂಕಿನಲ್ಲಿ ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು. 'ಇದನ್ನ ಅದರೊಳಗೆ ಹಾಕೋಕಾಗುತ್ತಾ?'

ಟೇಪ್‌ರೆಕಾರ್ಡರ್ ಕೂಡ ಇಟ್ಟಿದ್ದಾರೆ. ತೆರೆದು ನೋಡಿದೆ, ಒಳಗಿನ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಚಕ್ರಕ್ಕೆ ಅಂಟಿಕೊಂಡಿದೆ. ಸ್ಪಿರಿಟ್ ಹಚ್ಚಿ ಒರೆಸುತ್ತಾ ಇದ್ದೇನೆ, ಬೆರಳೆಲ್ಲ ಕಪ್ಪು. ಬೆಲ್ಟ್‌ನ ಅಳತೆ ತಗೊಂಡು ಶನಿವಾರ ಮತ್ತೆ ಎಸ್‌ಪಿ ರೋಡ್‌ಗೆ.